ಕಂಪ್ಯೂಟರಿನ ಹಾಜರಿ ಪಟ್ಟಿ

ವ್ಯಾಪಾರಸ್ಥ ಬಂಧುಗಳಿಗೆ ಇಂದು ಕಂಪ್ಯೂಟರ್ ಇಲ್ಲದೆ ಲೆಕ್ಕ ನಡೆಯದು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲಂತೂ ಗೋರಂಟ್ಲದ ದಿನಸಿ ಅಂಗಡಿಯವನಾದ ನಾನೂ ಕಿರ್ದಿ, ಖತಾವಣಿಗಳನ್ನು ಕಪಾಟಿಗೆ ಸೇರಿಸಬೇಕಾಯಿತು. ತಿಂಗಳ ರಿಟರ್ನ್ ಸಲ್ಲಿಸುವವರು 11ನೇ ತಾರೀಖು ಮಾರಾಟದ ವಿವರ, 20ನೇ ತಾರೀಖು ತೆರಿಗೆಯ ಲೆಕ್ಕ ಕೊಡಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ತೆರಿಗೆ ಬಾಕಿಯಿದ್ದರೆ ಬಡ್ಡಿ ಬೇರೆ.

ಕಳೆದ ವರ್ಷ ನಮ್ಮ ಅಂಗಡಿಯ ಕಂಪ್ಯೂಟರ್ ಗುಂಡಿ ಒತ್ತಿದ ಮೇಲೆ ಬಿಲ್ಲು ಹಾಕುವ ಸ್ಥಿತಿಗೆ ಬರಲು ಹತ್ತು ನಿಮಿಷ ಹಿಡಿಯತೊಡಗಿತು. ಗಿರಾಕಿಗಳು ಚೀಲ ಹಿಡಿದು ಕಾಯುತ್ತಿದ್ದರು. ಹೊಸದನ್ನು ಕೊಳ್ಳಿರೆಂದು ಎಲ್ಲರ ಸಲಹೆ. ನನಗೆ ಹಣಕ್ಕಿಂತ ಹಳೆಯ ಲೆಕ್ಕದ ಚಿಂತೆ. ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಕಾಪಾಡಬೇಕೆಂದು ಕಾನೂನಿದೆ.

ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಗಳು ನೋಡಿ, "ತಾತ, ಇದು ಹಳೆಯದಾಗಿದ್ದಕ್ಕೆ ನಿಧಾನವಲ್ಲ. ಕರೆಯದವರೆಲ್ಲ ಬೆಳಿಗ್ಗೆಯೇ ಬಂದು ಕೂರುತ್ತಿದ್ದಾರೆ" ಎಂದಳು.

ಅವಳು ಹೇಳಿದ್ದು ಹೀಗೆ. ವಿಂಡೋಸ್ ತನ್ನ ಎಲ್ಲ ಏರ್ಪಾಡುಗಳನ್ನು ರಿಜಿಸ್ಟ್ರಿ ಎಂಬ ದಫ್ತರದಲ್ಲಿ ಬರೆದಿಡುತ್ತದೆ. ಅದರಲ್ಲಿ 'ರನ್' ಎಂಬ ಪುಟವೊಂದು ಹಾಜರಿ ಪಟ್ಟಿ ಇದ್ದಂತೆ. ಅಲ್ಲಿ ಹೆಸರಿರುವ ತಂತ್ರಾಂಶಗಳೆಲ್ಲ ನಾವು ಒಳಹೊಕ್ಕ ಕೂಡಲೇ ತಾವಾಗಿ ಏಳುತ್ತವೆ. ಈ ಪುಟ ಎರಡು ಕಡೆ ಇದೆ: ಬಳಸುವವನದೊಂದು, ಇಡೀ ಯಂತ್ರದ್ದೊಂದು. ಎರಡನೆಯದನ್ನು ತಿದ್ದಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು.

ಅವಳು ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು 'ರೆಗ್ ಕ್ವೆರಿ' ಎಂದು ಬರೆದು, ಮುಂದೆ ಆ ಪುಟದ ವಿಳಾಸ ಕೊಟ್ಟಳು. ಹದಿನಾಲ್ಕು ಹೆಸರು ಕಾಣಿಸಿದವು. ಎಂದೋ ಮಾರಿದ ಪ್ರಿಂಟರಿನದು, ಹಳೆಯ ಫೋನಿನದು, ಯಾರೂ ಬಳಸದ ಹರಟೆಯ ತಂತ್ರಾಂಶದ್ದು! ಮೊದಲು 'ರೆಗ್ ಎಕ್ಸ್‌ಪೋರ್ಟ್' ಆಜ್ಞೆಯಿಂದ ಪುಟದ ನಕಲನ್ನು ಪೆನ್‌ಡ್ರೈವಿಗೆ ಇಳಿಸಿದಳು. ಆಮೇಲೆ 'ರೆಗ್ ಡಿಲೀಟ್', ವಿಳಾಸ, 'ಸ್ಲ್ಯಾಶ್ ವಿ', ಬೇಡವಾದ ಹೆಸರು. ಅಳಿಸಲೇ ಎಂದು ಯಂತ್ರ ಕೇಳುತ್ತದೆ. ಹೌದೆಂದರೆ ಆ ಒಂದು ಸಾಲು ಹೋಗುತ್ತದೆ. 'ಸ್ಲ್ಯಾಶ್ ವಿ' ಬಿಟ್ಟರೆ ಇಡೀ ಪುಟವನ್ನೇ ಹರಿದಂತೆ. ಆದ್ದರಿಂದ ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಕೊಡಬಾರದು.

ಒಂಬತ್ತು ಹೆಸರು ತೆಗೆದೆವು. ವೈರಸ್ ಕಾವಲಿನದು, ಕನ್ನಡ ಕೀಲಿಮಣೆಯದು, ಲೆಕ್ಕದ ನಕಲು ಇಡುವುದು, ಪರಿಚಯವಿಲ್ಲದ ಎರಡು, ಇವನ್ನು ಮುಟ್ಟಲಿಲ್ಲ. ಹಾಜರಿಯಿಂದ ಹೆಸರು ತೆಗೆದರೆ ತಂತ್ರಾಂಶವೇ ಹೋಗುವುದಿಲ್ಲ, ಬೇಕಾದಾಗ ನಾವೇ ತೆರೆಯಬಹುದು. ಕೆಲವು ತಮ್ಮ ಹೆಸರನ್ನು ತಾವೇ ಮತ್ತೆ ಬರೆದುಕೊಳ್ಳುತ್ತವೆ. ಅಂಥವನ್ನು ಅನ್‌ಇನ್‌ಸ್ಟಾಲ್ ಮಾಡುವುದೇ ಸರಿ.

ಆಜ್ಞೆ ಬರೆಯಲು ಅಂಜುವವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಭಾಗದಲ್ಲಿ ಬೇಡವಾದುದನ್ನು ಡಿಸೇಬಲ್ ಮಾಡಬಹುದು. ಅಲ್ಲಿ ಹೆಸರು ಉಳಿಯುತ್ತದೆ, ಏಳುವುದು ಮಾತ್ರ ನಿಲ್ಲುತ್ತದೆ.

ಈಗ ನಮ್ಮ ಯಂತ್ರ ಎರಡು ನಿಮಿಷದೊಳಗೆ ಸಿದ್ಧವಾಗುತ್ತದೆ. ಆಜ್ಞೆಗಳನ್ನು ಮೊಮ್ಮಗಳ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಸಿ ಗಲ್ಲಾ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಹೊಸ ಯಂತ್ರಕ್ಕೆ ಹಣ ಸುರಿಯುವ ಮುನ್ನ ಬಂಧುಗಳು ತಮ್ಮ ಮನೆಯ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಈ ಪಟ್ಟಿಯನ್ನೊಮ್ಮೆ ತೆಗೆದು ನೋಡಬೇಕೆಂದು ಕೋರುತ್ತೇನೆ.