ಅವಗ ಪಗಾರ ಎಷ್ಟು?

ಮೂರೂವರೆ ಸಾವಿರ ರೂಪಾಯಿ ಕೊಟ್ಟು ಉಳಿ ಹಿಡಿಯೋದು ಕಲಿಯಲು ಹೋಗಿದ್ದೆ. ಬೆಂಗಳೂರಿನಲ್ಲಿ, ಒಂದು ಶನಿವಾರ. ಮಷೀನ್ ಮುಟ್ಟದೆ, ಕೈಯಿಂದಲೇ ಹಳೇ ಕಾಲದ ಆಟದ ಮಣೆ ಮಾಡಿಸುತ್ತೇವೆ ಅಂತ ಫೋನಿನಲ್ಲಿ ಜಾಹೀರಾತು ಬಂದಿತ್ತು. ಒಟ್ಟು ಒಂಬತ್ತು ಜನ, ಅದರಲ್ಲಿ ಏಳು ಜನ ನನ್ನಂಥ ಐಟಿಯವರು. ಎಲ್ಲರಿಗೂ ಒಂದೊಂದು ಹಲಗೆ, ಎರಡು ಉಳಿ, ಒಂದು ಕೊಡತಿ, ಫೋಟೋಗೆ ಚೆನ್ನಾಗಿ ಕಾಣುವ ಕಪ್ಪು ಏಪ್ರನ್. ಸಂಜೆಯೊಳಗೆ ಹಲಗೆಯ ಮೇಲೆ ಏಳೇಳರ ಎರಡು ಸಾಲು, ಒಟ್ಟು ಹದಿನಾಲ್ಕು ಗುಳಿ ತೋಡಿದರೆ ಅಳಗುಳಿಮಣೆ ತಯಾರು.

ಮಧ್ಯಾಹ್ನದ ಹೊತ್ತಿಗೆ ಕಲಿಸುವ ಹುಡುಗ ನನ್ನ ಹತ್ತಿರ ಬಂದು ನಿಂತ. “ಸರ್, ಕೊಡತಿ ಚೆನ್ನಾಗಿ ಹಿಡೀತೀರಾ. ಮನೇಲಿ ಯಾರಾದ್ರೂ ಕಾರ್ಪೆಂಟರ್ ಇದಾರಾ?”

“ಇಲ್ಲ” ಅಂದೆ.

ನನ್ನ ಅಡ್ಡಹೆಸರು ಬಡಿಗೇರ. ಆಫೀಸಿನ ಐಡಿ ಕಾರ್ಡಿನಲ್ಲಿ ಅದು ಬರೀ ಒಂದು ‘ಬಿ’.

ನಮ್ಮದು ಹಾನಗಲ್ಲ ತಾಲೂಕಿನ ಒಂದು ಸಣ್ಣ ಊರು. ಅಪ್ಪ ಊರಿನ ಬಡಿಗ. ನೇಗಿಲು, ಕುಂಟೆ, ಕೂರಿಗೆ, ನೊಗ, ತೊಟ್ಟಿಲು ಎಲ್ಲಾ ಅವನ ಕೈಯಲ್ಲೇ ಆಗಬೇಕಿತ್ತು. ಅವನ ನಿಜವಾದ ಕೈಚಳಕ ಇದ್ದದ್ದು ಚಕ್ಕಡಿ ಗಾಲಿಯಲ್ಲಿ. ನಡುವೆ ಜಾಲಿ ಮರದ ಗುಂಬ, ಅದರ ಸುತ್ತ ಅರಗಳು, ಅವನ್ನೆಲ್ಲ ಬಿಗಿದು ಹಿಡಿಯಲು ಹೊರಗೆ ಕಬ್ಬಿಣದ ಹಳಿ. ಹಳಿ ಗಾಲಿಗಿಂತ ಒಂದಿಷ್ಟು ಸಣ್ಣದೇ ಇರುತ್ತಿತ್ತು. ಅದನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ತಂದು ಗಾಲಿಗೆ ತೊಡಿಸಿ, ಕಟ್ಟಿಗೆ ಹೊತ್ತಿಕೊಳ್ಳುವ ಮುಂಚೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಕಬ್ಬಿಣ ಆರಿ ಕುಗ್ಗಿದಂತೆ ಒಂದೊಂದು ಸಂದೂ ಚಟಚಟ ಅಂತ ಬಿಗಿದುಕೊಳ್ಳುತ್ತಿತ್ತು. ಮುಂದೆ ಬಿಇ ಮೊದಲ ವರ್ಷದಲ್ಲಿ ಥರ್ಮಲ್ ಎಕ್ಸ್‌ಪ್ಯಾನ್ಷನ್ ಪಾಠ ಕೇಳುವಾಗ ನನ್ನ ಮೂಗಿಗೆ ಕುಳ್ಳಿನ ಹೊಗೆ ವಾಸನೆ ಬಂದಿತ್ತು. ಲೆಕ್ಚರರಿಗೆ ಹೇಳಲಿಲ್ಲ.

ಇಷ್ಟೆಲ್ಲ ಕೆಲಸಕ್ಕೆ ಸಿಗುತ್ತಿದ್ದದ್ದು ಆಯ. ಗೊತ್ತಿಲ್ಲದವರಿಗೆ ಹೇಳ್ತೀನಿ: ವರ್ಷವಿಡೀ ಊರಿನ ಕೆಲಸ ಮಾಡಿಕೊಡಬೇಕು, ಸುಗ್ಗಿಯಲ್ಲಿ ಒಬ್ಬೊಬ್ಬರ ಕಣಕ್ಕೂ ಹೋಗಿ ಪಾಲಿನ ಕಾಳು ತರಬೇಕು. ಕೇಳಲು ಏನೋ ಚೆಂದದ ವ್ಯವಸ್ಥೆಯಂತೆ ಕಾಣುತ್ತದೆ. ಆದರೆ ನಾನು ಏಳೆಂಟು ವರ್ಷದವನಿದ್ದಾಗ ಅಪ್ಪನ ಜೊತೆ ಒಂದು ಕಣಕ್ಕೆ ಹೋಗಿದ್ದೆ. ಮಧ್ಯಾಹ್ನ ಹೋದವರು ಖಾಲಿ ಚೀಲ ಹಿಡಿದು ಕತ್ತಲಾಗುವವರೆಗೆ ನಿಂತೆವು. ಕೂತ್ಕೊಳ್ರೀ ಅಂತ ಯಾರೂ ಅನ್ನಲಿಲ್ಲ. ಕಡೆಗೆ ಸಿಕ್ಕದ್ದು ರಾಶಿಯ ತಳದ ಜೋಳ, ಅರ್ಧ ಮಣ್ಣು. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ.

ಮರುದಿನ ನಾನು ಆಟಕ್ಕೆಂದು ಅವನ ಬಾಚಿ ಎತ್ತಿಕೊಂಡು ಒಂದು ತುಂಡು ಕಟ್ಟಿಗೆ ಕೆತ್ತುತ್ತಿದ್ದೆ. ಅಪ್ಪ ಬಂದವನೇ ಕಸಿದುಕೊಂಡ. “ಇನ್ನೊಮ್ಮೆ ಮುಟ್ಟಿದ್ರ ಕೈ ಮುರೀತೀನಿ” ಅಂದ. ಅವತ್ತು ಬಿದ್ದ ಏಟು ಇನ್ನೂ ನೆನಪಿದೆ. ಅಲ್ಲಿಂದ ಮುಂದೆ ನನಗೆ ಉಳಿ, ಬಾಚಿ, ಗರಗಸ ಯಾವುದನ್ನೂ ಮುಟ್ಟಗೊಡಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನಾನು ಕಸುಬು ಕಲಿಯದೇ ಹೋದದ್ದು ಬಗ್ ಅಲ್ಲ, ಅಪ್ಪ ಯೋಚಿಸಿ ಮಾಡಿದ ಡಿಸೈನ್.

ಟ್ರ್ಯಾಕ್ಟರ್ ಬಂತು, ಟಯರಿನ ಚಕ್ಕಡಿ ಬಂತು. ಕಟ್ಟಿಗೆ ಗಾಲಿ ಕೇಳುವವರು ಇಲ್ಲವಾದರು. ಅಪ್ಪ ಒಂದಷ್ಟು ವರ್ಷ ಬಾಗಿಲು ಕಿಟಕಿ ಚೌಕಟ್ಟು ಮಾಡಿ ನನ್ನ ಫೀಸು ಕಟ್ಟಿದ. ನನಗೆ ನೌಕರಿ ಸಿಕ್ಕ ತಿಂಗಳು ಹತ್ಯಾರಗಳನ್ನೆಲ್ಲ ಒಂದು ಟ್ರಂಕಿನಲ್ಲಿಟ್ಟು ಅಟ್ಟಕ್ಕೆ ಹಾಕಿದ.

ಅಷ್ಟಾದ ಮೇಲೆ ನಾನು ಈ ಶನಿವಾರದ ಕ್ಲಾಸಿಗೆ ಯಾಕೆ ಹೋದೆ? ಅದಕ್ಕೆ ಕಾರಣ ಫ್ರಾನ್ಸ್.

ಹಿಂದಿನ ವರ್ಷ ಪ್ರಾಜೆಕ್ಟ್ ಕೆಲಸಕ್ಕೆ ಮೂರು ತಿಂಗಳು ಪ್ಯಾರಿಸ್ಸಿನಲ್ಲಿದ್ದೆ. ಒಂದು ಭಾನುವಾರ ಗೆಳೆಯರು ಬರ್ಗಂಡಿ ಪ್ರಾಂತ್ಯದ ಗೆಡಲಾನ್ ಎಂಬಲ್ಲಿಗೆ ಕರೆದೊಯ್ದರು. ಅಲ್ಲಿ 1997ರಿಂದ ಒಂದು ಕೋಟೆ ಕಟ್ಟುತ್ತಿದ್ದಾರೆ. ಹಳೇ ಕೋಟೆಯ ರಿಪೇರಿ ಅಲ್ಲ, ಬುನಾದಿಯಿಂದ ಹೊಸದೇ. ಆದರೆ 13ನೇ ಶತಮಾನದಲ್ಲಿ ಹೇಗೆ ಕಟ್ಟುತ್ತಿದ್ದರೋ ಹಾಗೆ. ಕಲ್ಲು ಅಲ್ಲೇ ಪಕ್ಕದ ಕಣಿಯದ್ದು, ಓಕ್ ಮರ ಸುತ್ತಲ ಕಾಡಿನದು. ಸಾಮಾನು ಸಾಗಿಸಲು ಕುದುರೆ ಗಾಡಿ. ಭಾರ ಎತ್ತಲು ಕ್ರೇನ್ ಇದೆ, ಆದರೆ ಅದು ಆಳೆತ್ತರ ಮೀರಿದ ಕಟ್ಟಿಗೆಯ ಗಾಲಿ. ಅದರೊಳಗೆ ಮನುಷ್ಯ ನಡೆದರೆ ಹಗ್ಗ ಸುತ್ತಿಕೊಂಡು ಕಲ್ಲು ಮೇಲೇರುತ್ತದೆ. ಹೀಗೆ ಕಟ್ಟಿ ಏನು ಪ್ರಯೋಜನ ಅಂತ ಕೇಳಬಹುದು. 2019ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚಿನ ಚಾವಣಿ ಸುಟ್ಟುಹೋಯಿತಲ್ಲ, ಅದನ್ನು ಮತ್ತೆ ಕಟ್ಟುವಾಗ ಕೊಡಲಿಯಿಂದ ತೊಲೆ ಹದ ಮಾಡಬಲ್ಲ ಬಡಿಗರು ಬೇಕಾದರು. ಗೆಡಲಾನ್‌ನಲ್ಲಿ ಕೈ ಪಳಗಿಸಿಕೊಂಡವರೂ ಆ ಕೆಲಸದಲ್ಲಿದ್ದರು.

ಅಲ್ಲಿ ಒಬ್ಬ ಬಡಿಗ ದೊಗಲೆ ಅಂಗಿ ತೊಟ್ಟು ಓಕ್ ದಿಮ್ಮಿ ಕೆತ್ತುತ್ತಿದ್ದ. ಸುತ್ತ ಜನ ಮೊಬೈಲ್ ಹಿಡಿದು ನಿಂತಿದ್ದರು. ನಾನು ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಬಹಳ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಅವಗ ಪಗಾರ ಎಷ್ಟು?”

ಗೊತ್ತಿಲ್ಲ, ಆದರೆ ತಿಂಗಳ ಪಗಾರ ಇದೆ ಅಂದೆ. “ನಿಂತು ನೋಡೋರು ರೊಕ್ಕಾ ಕೊಟ್ಟು ಬಂದಾರೇನು?” ಹೌದು, ಟಿಕೆಟ್ ಇದೆ ಅಂದೆ. “ಹಂಗಾರ ಛಲೋ” ಅಂತ ಹೇಳಿ ಫೋನು ಅವ್ವನ ಕೈಗೆ ಕೊಟ್ಟ.

ಆ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಹಳೇ ಕಾಲವನ್ನು ಮತ್ತೆ ಆಡಿ ಕಲಿಯುವ ಈ ಹವ್ಯಾಸಕ್ಕೆ ದೊಡ್ಡ ಕೂಟಗಳೇ ಇವೆ. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಿನ ಪಾರ್ಟಿಯಿಂದ ಹುಟ್ಟಿದ ಒಂದು ಕೂಟ ಇವತ್ತು ಎಷ್ಟೋ ದೇಶಗಳಲ್ಲಿದೆ. ಸದಸ್ಯರು ಮಧ್ಯಯುಗದ ಒಂದು ಹೆಸರಿಟ್ಟುಕೊಳ್ಳುತ್ತಾರೆ, ಬಟ್ಟೆ ಹೊಲಿದುಕೊಳ್ಳುತ್ತಾರೆ, ಕತ್ತಿವರಸೆ, ನೇಯ್ಗೆ, ಅಡುಗೆ, ಕುಣಿತ ಎಲ್ಲಾ ಕಲಿಯುತ್ತಾರೆ. ನಮ್ಮಲ್ಲೂ ಅಂಥದ್ದಕ್ಕೆ ಸಾಮಗ್ರಿ ಏನೂ ಕಮ್ಮಿ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಆಟ, ಬೇಟೆ, ಸಂಗೀತ ಸೇರಿ ನೂರು ಅಧ್ಯಾಯಗಳಿವೆ. ನಾಳೆ ಬೆಂಗಳೂರಿನಲ್ಲಿ ಯಾರಾದರೂ ‘ಸೋಮೇಶ್ವರನ ಊಟ’ ಅಂತ ವೀಕೆಂಡ್ ಏರ್ಪಡಿಸಿದರೆ ನಾನೇ ಮೊದಲು ದುಡ್ಡು ಕಟ್ಟುತ್ತೇನೆ. ಆದರೆ ಇಂಥ ಆಟದಲ್ಲಿ ರಾಜ ಆಗಲು ಎಲ್ಲರಿಗೂ ಆಸೆ. ನಮ್ಮ ಹಿರಿಯರು ಆ ಊಟಕ್ಕೆ ಕೂತವರಲ್ಲ, ಕೂರಲು ಮಣೆ ಮಾಡಿಕೊಟ್ಟವರು. ಹಳೇ ಕಾಲವನ್ನು ಮತ್ತೆ ಕಟ್ಟುವಾಗ ಬಾಚಿ, ಉಳಿ ಬರುತ್ತವೆ. ಕಣದಲ್ಲಿ ಖಾಲಿ ಚೀಲ ಹಿಡಿದು ನಿಲ್ಲುವ ಪಾತ್ರಕ್ಕೆ ಯಾರೂ ಹೆಸರು ಕೊಡುವುದಿಲ್ಲ.

ಆ ದಸರೆಗೆ ನಾನು ಮಾಡಿದ ಮಣೆಯನ್ನು ಬ್ಯಾಗಿನ ತಳದಲ್ಲಿಟ್ಟುಕೊಂಡು ಊರಿಗೆ ಹೋದೆ. ನಮ್ಮ ಕಡೆ ಆಯುಧಪೂಜೆಗೆ ಖಂಡೇಪೂಜೆ ಅಂತೀವಿ. ಆಫೀಸಿನಲ್ಲಿ ಸರ್ವರ್ ರೂಮಿಗೆ ಕುಂಬಳಕಾಯಿ ಒಡೆದು ಬಂದವನು ಮನೆಯಲ್ಲಿ ಅಪ್ಪನ ಟ್ರಂಕು ಅಟ್ಟದಿಂದ ಇಳಿಸಿದೆ. ಬಾಚಿ, ಉಳಿಗಳು, ಉಜ್ಜುಗೊರಡು, ಗರಗಸ. ಕೆಲಸವಿಲ್ಲದೆ ಹತ್ತು ವರ್ಷದ ಮೇಲಾಗಿತ್ತು, ಒಂದರ ಮೇಲೂ ತುಕ್ಕಿಲ್ಲ. “ವರ್ಷಾ ತಗದು ಎಣ್ಣಿ ಹಚ್ಚತಾರಪಾ, ಪೂಜಿ ಮಾಡಿ ಮತ್ತ ಇಡತಾರ” ಅಂದಳು ಅವ್ವ. ಅಷ್ಟು ವರ್ಷ ಹಬ್ಬಕ್ಕೆ ಹೋದವನು ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಮರುದಿನ ಬಾಡಿಗೆ ಕಾರು ಮಾಡಿ ಅಪ್ಪನನ್ನು ತಿರುಗಾಡಿಸಲು ಹೊರಟೆ. ಮೊದಲು ಹಾನಗಲ್ಲಿನ ತಾರಕೇಶ್ವರ ಗುಡಿ. ಬಂದವರೆಲ್ಲ ಕತ್ತೆತ್ತಿ ಚಾವಣಿಯ ಆ ದೊಡ್ಡ ಕಲ್ಲಿನ ಕಮಲ ನೋಡುತ್ತಾರೆ. ಅಪ್ಪ ಕಂಬದ ಹತ್ತಿರ ಹೋಗಿ ಅದರ ಉಂಗುರದಂಥ ಗೆರೆಗಳ ಮೇಲೆ ಬೆರಳಾಡಿಸಿದ. “ಇದು ಕೆತ್ತಿದ್ದಲ್ಲೋ ತಮ್ಮಾ, ತಿರುವಿ ಕಡದದ್ದು. ನಿನ್ನ ತೊಟ್ಟಿಲದ ಕಾಲು ಹಿಂಗ ಕಡದಿದ್ದೆ.” ಚಾಲುಕ್ಯರ ಕಾಲದ ಬಳಪದ ಕಲ್ಲಿನ ಕಂಬಗಳನ್ನು ಲೇತಿನಲ್ಲಿ ತಿರುಗಿಸಿ ಕಡೆದದ್ದು ಅಂತ ನಾನು ಎಲ್ಲೋ ಓದಿದ್ದೆ. ಅಪ್ಪ ಓದಿರಲಿಲ್ಲ.

ನಾನು ಅವನಿಗೆ ದಾಸೋಜನ ಕಥೆ ಹೇಳಿದೆ. ಹಿರೇಕೆರೂರು ದಾಟಿ ಶಿಕಾರಿಪುರ ತಾಲೂಕಿಗೆ ಹೋದರೆ ಬಳ್ಳಿಗಾವಿ ಸಿಗುತ್ತದೆ. ಅಲ್ಲಿಂದ ಬೇಲೂರಿಗೆ ಹೋದ ದಾಸೋಜ ಮತ್ತು ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ತಮ್ಮ ಹೆಸರು ಬರೆದಿದ್ದಾರೆ. ಅಪ್ಪನದು ಬೇರೆ, ಮಗನದು ಬೇರೆ. ದಾಸೋಜ ಅನ್ನುವಲ್ಲಿನ ‘ಓಜ’ ಉಪಾಧ್ಯಾಯ ಶಬ್ದದಿಂದ ಬಂದದ್ದು. ಅಂದರೆ ಕಲಿಸುವವನು. “ಮಗಗ ಕಲಿಸಿದ್ನಲ್ಲ, ಅವಗ ರಾಜಾನ ಆಸರಾ ಇತ್ತು” ಅಂದ ಅಪ್ಪ. ಮತ್ತೇನೂ ಹೇಳಲಿಲ್ಲ.

ಸವಣೂರಿನಲ್ಲಿ ದೊಡ್ಡಹುಣಸೆ ಮರಗಳನ್ನು ನೋಡಿದೆವು. ಒಬ್ಬಿಬ್ಬರ ತೆಕ್ಕೆಗೆ ಸಿಗದ ಕಾಂಡ. ಅಪ್ಪ ಉಗುರಿನಿಂದ ಮೆಲ್ಲಗೆ ತಟ್ಟಿ ನಕ್ಕ. “ಮೆತ್ತನ್ನ ಕಟಗಿ. ಇಷ್ಟು ದಪ್ಪ ಐತಿ, ಒಂದು ಕೊಡತಿಗೂ ಬರಂಗಿಲ್ಲ.” ಆಮೇಲೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸಿನ ಉತ್ಸವ ರಾಕ್ ಗಾರ್ಡನ್. ಹಳ್ಳಿಯ ಮಂದಿ, ದನ, ಕೆಲಸ, ಹಬ್ಬ ಎಲ್ಲವೂ ಅಲ್ಲಿ ಆಳೆತ್ತರದ ಶಿಲ್ಪಗಳಾಗಿವೆ. ದೂರದಿಂದ ನಿಜವಾದ ಮನುಷ್ಯರೆಂದೇ ಅನಿಸುತ್ತದೆ. ಶಾಲೆ ಮಕ್ಕಳು ಓಡಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಒಂದು ಕಟ್ಟೆಯ ಮೇಲೆ ಕೂತು, “ನಮ್ಮ ಮಂದಿನ ಇದ್ಹಂಗ ಮಾಡ್ಯಾರ. ಖರೇ ಮಂದಿ ಎಲ್ಲಾ ಹೋಗಿಬಿಟ್ರಲ್ಲೋ” ಅಂದ. ಅವನು ಶಿಲ್ಪವನ್ನು ಹೊಗಳುತ್ತಿದ್ದನೋ ಮರುಗುತ್ತಿದ್ದನೋ ಗೊತ್ತಾಗಲಿಲ್ಲ. ಎರಡೂ ಇರಬೇಕು.

ರಾತ್ರಿ ಊಟ ಆದ ಮೇಲೆ ಧೈರ್ಯ ಮಾಡಿ ಮಣೆ ಹೊರತೆಗೆದು ಅವನ ಮುಂದಿಟ್ಟೆ. ಎಲ್ಲಿ ಮಾಡಿದೆ, ಎಷ್ಟು ದುಡ್ಡು ಕೊಟ್ಟೆ, ಎಲ್ಲಾ ಹೇಳಿದೆ. ಮನೇಲಿ ಬಡಿಗರಿಲ್ಲ ಅಂತ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅಪ್ಪ ಮಣೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಗುಳಿಯಲ್ಲಿ ಹೆಬ್ಬೆರಳು ಇಟ್ಟು ನೋಡಿದ.

“ಎಳಿ ನೋಡದ ಹೊಡದೀ. ಅದಕ್ಕ ಇಲ್ಲೆಲ್ಲಾ ಸಿಬರು ಎದ್ದೈತಿ.”

“ನೀ ಕಲಿಸು ಮತ್ತ” ಅಂದೆ.

ಅಪ್ಪನ ದನಿ ಗಟ್ಟಿಯಾಯಿತು. “ನಾ ಹೊಟ್ಟಿ ಕಟ್ಟಿ ಬಿಡಿಸೀನಿ ಇದನ್ನ. ರೊಕ್ಕಾ ಕೊಟ್ಟು ಮತ್ತ ಹಿಡ್ಯಾಕ ಹೋಗೀಯಲ್ಲ, ಏನ್ ಕಡಿಮಿ ಆಗೇತಿ ನಿನಗ?”

ಉತ್ತರ ಹೊಳೆಯಲಿಲ್ಲ. ಸ್ಟ್ರೆಸ್ ಅಂತ ಹೇಳಲು ನಾಚಿಕೆಯಾಯಿತು. ಪರಂಪರೆ ಅಂದರೆ ನಗುತ್ತಿದ್ದ. “ನಿನ್ನ ಕೆಲಸ ನನಗ ಗೊತ್ತಿಲ್ಲ ಅಪ್ಪಾ. ಅಷ್ಟ” ಅಂದೆ. ಅವನು ಎದ್ದು ಮಲಗಲು ಹೋದ.

ಬೆಳಗ್ಗೆ ಎದ್ದು ಬಂದಾಗ ಕಟ್ಟೆಯ ಮೇಲೆ ಮಸೆಯುವ ಕಲ್ಲು, ತಂಬಿಗೆ ನೀರು, ಒಂದು ಉಳಿ ಇತ್ತು. ಮಣೆ ಇರಲಿಲ್ಲ. “ಮೊದಲ ಮಸಿಯೂದು ಕಲಿ. ಮೊಂಡ ಉಳಿ ಹಿಡದವಗ ಕಟಗಿ ಮ್ಯಾಲೆ ಸಿಟ್ಟು ಬರತೈತಿ.” ಎರಡು ದಿನ ಅದನ್ನೇ ಮಾಡಿಸಿದ. ಉಳಿಯ ಓರೆಯನ್ನು ಕಲ್ಲಿಗೆ ಪೂರಾ ಕೂರಿಸಿ, ಕೋನ ಏರದಂತೆ ಇಳಿಯದಂತೆ ಉಜ್ಜಬೇಕು. ನನ್ನ ಮಣಿಕಟ್ಟು ಪ್ರತಿ ಸಲ ಜಾರುತ್ತಿತ್ತು. ಅಪ್ಪ ಬಯ್ಯಲಿಲ್ಲ, ಹಿಂದಿನಿಂದ ಬಂದು ನನ್ನ ಕೈ ಮೇಲೆ ಕೈಯಿಟ್ಟ. ಅವನ ಕೈ ಈಗ ನಡುಗುತ್ತದೆ. ಕಲ್ಲಿನ ಮೇಲಿದ್ದಾಗ ಮಾತ್ರ ನಡುಗಲಿಲ್ಲ.

ಗೆಡಲಾನ್‌ನವರಿಗೂ ನನಗೂ ಇರುವ ಫರಕು ಅಲ್ಲಿ ಗೊತ್ತಾಯಿತು. ಅವರ ಕೊಂಡಿ ಏಳೆಂಟು ನೂರು ವರ್ಷದ ಹಿಂದಿನದು. ಹಳೇ ಕಟ್ಟಡ ಅಳೆದು, ಹಳೇ ಚಿತ್ರ ನೋಡಿ, ಮಾಡಿ ತಪ್ಪಿ ಕಲಿಯಬೇಕು. ನಮ್ಮ ಕೊಂಡಿ ಇನ್ನೂ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದೆ. ಕಸುಬು ಅಳಿಯಿತು ಅಂತ ನಾವು ಮರುಗುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಅದು ತಾನಾಗಿ ಅಳಿದದ್ದಲ್ಲ. ಮಕ್ಕಳು ಚೀಲ ಹಿಡಿದು ನಿಲ್ಲಬಾರದು ಅಂತ ಅಪ್ಪಂದಿರು ಬೇಕಂತಲೇ ಕೈಬಿಟ್ಟದ್ದು. ಅದನ್ನು ನಾವು ಮತ್ತೆ ಕೇಳುವಾಗ, ಅವರು ಮಾಡಿದ್ದು ತಪ್ಪು ಎಂಬಂತೆ ಕೇಳಬಾರದು. ನಾನು ಹವ್ಯಾಸಕ್ಕೆ ಉಳಿ ಹಿಡಿಯುವಷ್ಟು ಹೊಟ್ಟೆ ತುಂಬಿದವನಾದದ್ದು, ಅಪ್ಪ ನನಗೆ ಉಳಿ ಹಿಡಿಯಗೊಡದ್ದರಿಂದ.

ಹೊರಡುವ ದಿನ ಮಣೆ ಮತ್ತೆ ಬ್ಯಾಗಿನಲ್ಲಿತ್ತು. ಒಂದು ಗುಳಿಯನ್ನು ಅಪ್ಪ ಸರಿಮಾಡಿದ್ದ. ಒಂದೇ. ಉಳಿದ ಹದಿಮೂರು ಹಾಗೇ ಇದ್ದವು. ಈಗ ಬೆಂಗಳೂರಿನಲ್ಲಿ ಮಗಳು ಹುಣಸೆಬೀಜ ಹಾಕಿ ಆಡುತ್ತಾಳೆ. ಅದೊಂದು ಗುಳಿಯಿಂದ ಬೀಜ ತೆಗೆಯುವಾಗ ಬೆರಳಿಗೆ ಏನೂ ತಾಗುವುದಿಲ್ಲವಂತೆ. ಅದಕ್ಕೆ ‘ಅಜ್ಜನ ಮನೆ’ ಅಂತ ಹೆಸರಿಟ್ಟಿದ್ದಾಳೆ.

ಮುಂದಿನ ಖಂಡೇಪೂಜೆಗೆ ಈಗಲೇ ಐದು ದಿನ ರಜೆ ಹಾಕಿದ್ದೇನೆ. ಕಾರಣ ಅನ್ನುವ ಕಾಲಮ್ಮಿನಲ್ಲಿ ‘ಟ್ರೈನಿಂಗ್’ ಅಂತ ಬರೆದೆ. ಮ್ಯಾನೇಜರ್ ಪಿಂಗ್ ಮಾಡಿ, ಯಾವ ಇನ್‌ಸ್ಟಿಟ್ಯೂಟ್ ಅಂತ ಕೇಳಿದ್ದಾರೆ. ನಮ್ಮ ಅಪ್ಪ ಬಡಿಗ ಸರ್, ಅವರ ಹತ್ತಿರ ಅಂತ ಉತ್ತರ ಕಳಿಸಿದ್ದೇನೆ.