‘ಸುಕೂರು’ ಮತ್ತು ‘ಇಸ್ಕೂಲು’

ನಮ್ಮ ಹಳ್ಳಿಯ ಮಕ್ಕಳ ಬಾಯಲ್ಲಿ ಸ್ಕೂಲು ‘ಇಸ್ಕೂಲು’ ಆಗುತ್ತದೆ. ಜಪಾನಿನವರ ಬಾಯಲ್ಲಿ ಅದೇ ‘ಸುಕೂರು’. ಕಾರಣ ಒಂದೇ. ಪದದ ಮೊದಲಲ್ಲೇ ಎರಡು ವ್ಯಂಜನ ಜೊತೆಯಾಗಿ ಬಂದರೆ ನಾಲಗೆ ತಡವರಿಸುತ್ತದೆ, ನೆರವಿಗೊಂದು ಸ್ವರವನ್ನು ಕರೆದುಕೊಳ್ಳುತ್ತದೆ. ಸಾಲದ್ದಕ್ಕೆ ಜಪಾನಿಯಲ್ಲಿ ರ, ಲ ಬೇರೆ ಬೇರೆ ಅಲ್ಲ. ಇಪ್ಪತ್ತೈದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ನನಗೆ ‘ಸುಕೂರು’ ಕೇಳಿ ನಗು ಬರಲಿಲ್ಲ. ಹಳೆಯ ಪರಿಚಯದವರು ಸಿಕ್ಕಂತಾಯಿತು.

ಬಿಡದಿಯಲ್ಲಿ 1999ರ ಕೊನೆಗೆ ಟೊಯೊಟಾ ಕಾರುಗಳ ತಯಾರಿಕೆ ಶುರುವಾಯಿತಲ್ಲ, ಆಮೇಲೆ ಬೆಂಗಳೂರಿಗೆ ಜಪಾನೀ ಸಂಸಾರಗಳು ಬರುವುದು ಹೆಚ್ಚಾಯಿತು. ಗಂಡಸರಿಗೆ ಕೆಲಸದ ಜಾಗದಲ್ಲಿ ನೆರವಿಗೆ ಯಾರಾದರೂ ಇರುತ್ತಾರೆ. ತರಕಾರಿಯವನ ಹತ್ತಿರ, ಮಗುವಿನ ಟೀಚರ್ ಹತ್ತಿರ, ಡಾಕ್ಟರ ಹತ್ತಿರ ಒಂಟಿಯಾಗಿ ನಿಂತು ಮಾತಾಡಬೇಕಾದವಳು ಹೆಂಡತಿ. ಅಂಥ ಒಬ್ಬಾಕೆಗೆ ವಾರಕ್ಕೆ ಮೂರು ಸಂಜೆ ಪಾಠ ಹೇಳಲು ಹೋಗತೊಡಗಿದೆ.

ಗೊತ್ತುಮಾಡಿಕೊಟ್ಟ ಮಧ್ಯವರ್ತಿ ಮೊದಲೇ ಹೇಳಿದ್ದರು: “ಇಂಗ್ಲಿಷ್ ಮನೆಮಾತಿನವರೇ ಬೇಕು ಅಂದಿದ್ರು ಮೇಡಂ, ಯಾರೂ ಸಿಗಲಿಲ್ಲ. ಅದಕ್ಕೇ ನಿಮಗೆ ಫೀಜು ಅರ್ಧ.” ಬಿ.ಎ., ಬಿ.ಎಡ್., ಸೀರೆ, ಮಂಡ್ಯದ ಉಚ್ಚಾರಣೆ – ಇಷ್ಟಕ್ಕೆ ಅರ್ಧ ಬೆಲೆ ಎಂದು ಲೆಕ್ಕ ಹಾಕಿಕೊಂಡು ಸುಮ್ಮನಾದೆ.

ಆಕೆ ನನ್ನನ್ನು ‘ಸೆನ್ಸೇ’ ಎನ್ನುತ್ತಿದ್ದಳು. ನಮ್ಮಲ್ಲಿ ‘ಟೀಚರ್ ಬಂದ್ರಾ?’ ಎನ್ನುವ ಹಾಗೆ, ಅವರಲ್ಲೂ ಗುರುಗಳನ್ನು ‘ನೀವು’ ಎನ್ನದೆ ‘ಸೆನ್ಸೇ’ ಎಂದೇ ಮಾತಾಡಿಸುವುದು ವಾಡಿಕೆ. ಕನ್ನಡ, ಜಪಾನಿ ಒಂದೇ ಕುಟುಂಬದ ಭಾಷೆಗಳೇನಲ್ಲ. ಆದರೂ ವಾಕ್ಯದ ಕಟ್ಟಡ ನೋಡಿ: ‘ಗಕ್ಕೋ ನಿ ಇಕಿಮಸು’ ಅಂದರೆ ‘ಶಾಲೆಗೆ ಹೋಗುತ್ತೇನೆ’. ನಮ್ಮ ‘ಗೆ’ ಇರುವಲ್ಲಿ ಅವರ ‘ನಿ’, ಕ್ರಿಯಾಪದ ಕೊನೆಗೆ. ಪ್ರಶ್ನೆ ಕೇಳಬೇಕಾದರೆ ನಾವು ‘ಹೋಗ್ತೀರಾ’ ಎಂದು ತುದಿಯನ್ನು ಎಳೆಯುತ್ತೇವೆ, ಅವರು ತುದಿಗೆ ‘ಕಾ’ ಸೇರಿಸುತ್ತಾರೆ. ‘ತಿಂದು ನೋಡಿ’ ಎಂಬುದನ್ನೂ ಅವರು ‘ತಿಂದು’, ‘ನೋಡಿ’ ಎಂದೇ ಹೇಳುತ್ತಾರೆ! ‘ಎ’, ‘ದಿ’ಗಳ ಕಾಟ ಇಬ್ಬರಿಗೂ ಇಲ್ಲ. ಆಕೆ ಎಲ್ಲಿ ಎಡವುತ್ತಾಳೆ ಎಂಬುದು ನನಗೆ ಮೊದಲೇ ಗೊತ್ತಾಗುತ್ತಿತ್ತು. ಆ ದಾರಿಯಲ್ಲಿ ನಾನೂ ನಡೆದು ಬಂದವಳಲ್ಲವೇ?

ಒಂದು ಸಂಜೆ, ಮರುದಿನ ಮಗನನ್ನು ಡಾಕ್ಟರಿಗೆ ತೋರಿಸಬೇಕೆಂದು ಆಕೆ ಗಾಬರಿಯಲ್ಲಿದ್ದಳು. ನಾನೇ ಡಾಕ್ಟರಾಗಿ ಕುಳಿತು ಇಂಗ್ಲಿಷಿನಲ್ಲಿ ಕೇಳಿದೆ: “ಮಗುವಿಗೆ ಯಾವ ಔಷಧಿಯ ಅಲರ್ಜಿಯೂ ಇಲ್ಲ, ಅಲ್ಲವೇ?”

“ನೋ,” ಎಂದಳು ತಕ್ಷಣ.

ಇಂಗ್ಲಿಷ್ ಬಲ್ಲ ಯಾವ ಡಾಕ್ಟರಾದರೂ ‘ಅಲರ್ಜಿ ಇಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಆದರೆ ಒಂದು ಔಷಧಿ ಕುಡಿಸಿ ಹುಡುಗನ ಮೈಯೆಲ್ಲ ಗಂಧೆ ಎದ್ದಿದ್ದನ್ನು ಹಿಂದಿನ ವಾರವಷ್ಟೇ ಆಕೆ ಹೇಳಿದ್ದಳು. ಹಾಗಾದರೆ ಈ ‘ನೋ’ ಏನು? ‘ನೀವು ಹೇಳಿದ್ದು ಸರಿಯಲ್ಲ, ಅಲರ್ಜಿ ಇದೆ’ ಎಂದು! ನಮ್ಮಲ್ಲೂ ‘ನಾಳೆ ಬರೋದಿಲ್ಲ ತಾನೇ?’ ಎಂದರೆ ‘ಹೌದು, ಬರೋದಿಲ್ಲ’ ಎನ್ನುತ್ತೇವೆ. ಕೇಳಿದವರ ಮಾತಿಗೆ ನಾವು ಹೌದು, ಅಲ್ಲ ಎನ್ನುತ್ತೇವೆ. ಇಂಗ್ಲಿಷಿನವರು ನಡೆದ ಸಂಗತಿಗೆ ಎಸ್, ನೋ ಎನ್ನುತ್ತಾರೆ. ಆಕೆಯ ‘ನೋ’ ಇಂಗ್ಲಿಷ್ ಪದ, ಆದರೆ ಜಪಾನೀ ಉತ್ತರ.

ಆ ಸಂಜೆ ಬೇರೆ ಪಾಠ ಮಾಡಲಿಲ್ಲ. “ಡಾಕ್ಟರ ಮುಂದೆ ಎಸ್, ನೋ ಎರಡೂ ಬೇಡ, ಪೂರ್ತಿ ವಾಕ್ಯ ಹೇಳು” ಎಂದು ಹತ್ತು ಸಲ ಹೇಳಿಸಿದೆ: ‘ನನ್ನ ಮಗನಿಗೆ ಈ ಔಷಧಿ ಅಲರ್ಜಿ.’ ಔಷಧಿಯ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಆಕೆಯ ಪರ್ಸಿನಲ್ಲಿಡಿಸಿದೆ. ಮರುದಿನ ಡಾಕ್ಟರು ಫೈಲಿನ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದುಕೊಂಡರಂತೆ. ಗಂಡ ಜೊತೆಗಿರಲಿಲ್ಲ. “ನಾನೇ ಹೇಳಿದೆ, ಸೆನ್ಸೇ” ಎಂದಳು, ಇಂಗ್ಲಿಷಿನಲ್ಲಿ, ಪೂರ್ತಿ ವಾಕ್ಯದಲ್ಲಿ.

ಇಂಗ್ಲಿಷ್ ಮನೆಮಾತಿನವರ ಉಚ್ಚಾರಣೆ ನನ್ನದಕ್ಕಿಂತ ಚೆನ್ನಾಗಿರಬಹುದು, ಒಪ್ಪುತ್ತೇನೆ. ಆದರೆ ತಪ್ಪಿನ ಹಿಂದೆ ಇನ್ನೊಂದು ಭಾಷೆ ನಿಂತಿರುವುದು, ಆ ತಪ್ಪನ್ನು ಒಮ್ಮೆ ತಾನೂ ಮಾಡಿದವರ ಕಣ್ಣಿಗೆ ಬೇಗ ಬೀಳುತ್ತದೆ. ಮುಂದಿನ ತಿಂಗಳು ಮಧ್ಯವರ್ತಿಗೆ ಫೋನು ಮಾಡಿ ಪೂರ್ತಿ ಫೀಜು ಕೇಳಿದೆ. ಗೊಣಗಿದರು, ಆದರೆ ಕೊಟ್ಟರು.

ಈಗ ಗೆಳತಿಯರು, “ಪರದೇಶದವರಿಗೆ ಕಲಿಸೋದು ನಮ್ಮ ಕೈಲಾಗುತ್ತೇನೇ?” ಎಂದು ಕೇಳುತ್ತಾರೆ. ‘ಇಸ್ಕೂಲ’ನ್ನು ತಾಳ್ಮೆಯಿಂದ ತಿದ್ದಿದವರಿಗೆ ‘ಸುಕೂರು’ ದೊಡ್ಡದಲ್ಲ. ಮಾಡಿ ನೋಡಿ ಎನ್ನುತ್ತೇನೆ.