ಮೊಲದ ಕಥೆ ಬರೆದವಳ ಪ್ರೀತಿ

ಮಕ್ಕಳಿಗೆ ಕಥೆ ಬರೆಯುವವರಿಗೂ ಒಂದು ಪ್ರೇಮಕಥೆ ಇರಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ನಮ್ಮ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರು ಮೇಷ್ಟ್ರಾಗಿದ್ದರು. ಅವರ 'ಚಿನ್ನಾರಿ ಮುತ್ತ'ದ ಹಾಡುಗಳನ್ನು ಹೊರಕೆರೆದೇವಪುರದ ಮಕ್ಕಳೂ ಹಾಡಿಕೊಂಡವು. ಹಾಡು ಬರೆದವರ ಮನಸ್ಸಿನಲ್ಲಿ ಏನಿತ್ತೆಂದು ಯಾವ ಮಗು ಕೇಳೀತು?

ಇಂಗ್ಲಿಷಿನ 'ಮಿಸ್ ಪಾಟರ್' (2006) ಅದನ್ನೇ ಕೇಳುವ ಸಿನಿಮಾ. ಪೀಟರ್ ಎಂಬ ತುಂಟ ಮೊಲದ ಕಥೆ ಬರೆದು, ಚಿತ್ರವನ್ನೂ ತಾನೇ ಬಿಡಿಸಿದ ಬಿಯಾಟ್ರಿಕ್ಸ್ ಪಾಟರ್ ಅವರ ಬದುಕು ಅದು. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳ ಜೊತೆ ಕೂತು ನೋಡಿದೆ. ಮುಜುಗರವಾಗುವಂಥದ್ದು ಏನೂ ಇಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಮುತ್ತು, ಅಷ್ಟೆ.

ಹಾಗಾದರೆ ಪ್ರೀತಿ ಎಲ್ಲಿದೆ? ಪ್ರೆಸ್ಸಿನಲ್ಲಿದೆ! ಪ್ರಕಾಶಕರ ಮನೆಯ ಕಿರಿಯ ಮಗ ನಾರ್ಮನ್ ವಾರ್ನ್. ಈ ಮೊಲದ ಪುಸ್ತಕ ಓಡುವುದಿಲ್ಲವೆಂದು ಅಣ್ಣಂದಿರು ಅದನ್ನು ಅವನ ತಲೆಗೆ ಕಟ್ಟುತ್ತಾರೆ. ಅವನೋ ಅದರ ಅಳತೆ, ಬಣ್ಣ, ಬೆಲೆ ಎಲ್ಲವನ್ನೂ ಆಕೆಯ ಜೊತೆ ಕೂತು ವಿಚಾರಿಸುತ್ತಾನೆ. ಮೂವತ್ತು ದಾಟಿದ ಹೆಣ್ಣಿನ ಕೆಲಸವನ್ನು ಒಬ್ಬ ಗಂಡಸು ಅಷ್ಟು ಗಂಭೀರವಾಗಿ ನೋಡುವುದಿದೆಯಲ್ಲ, ನನಗೆ ಅದೇ ಶೃಂಗಾರವಾಗಿ ಕಂಡಿತು. ಕೊನೆಕೊನೆಯವರೆಗೂ 'ಮಿಸ್ ಪಾಟರ್', 'ಮಿಸ್ಟರ್ ವಾರ್ನ್' ಎಂದೇ ಮಾತು. ನನ್ನವಳು ನಲವತ್ತು ವರ್ಷ 'ಏನೂಂದ್ರೆ' ಎಂದೇ ಕರೆದಳು. ಆ ಒಂದು ಪದದಲ್ಲೇ ಸಿಟ್ಟು, ಸಲಿಗೆ ಎರಡೂ ಇರುತ್ತಿತ್ತು.

ಸಿನಿಮಾದಲ್ಲಿ ಅವನು ಮದುವೆಯ ಮಾತೆತ್ತುವುದು ಕ್ರಿಸ್ಮಸ್ ಔತಣದ ದಿನ. ನಿಜವಾಗಿ ಅದು ನಡೆದದ್ದು ಕಾಗದದಲ್ಲಿ, 1905ರ ಜುಲೈ 25ರಂದು. ನನಗೇನೋ ಅಂಚೆಯ ಕಾಗದವೇ ಚೆಂದ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 25ಕ್ಕೆ, ರಕ್ತದ ಕ್ಯಾನ್ಸರಿನಿಂದ ನಾರ್ಮನ್ ತೀರಿಕೊಂಡ. ವಯಸ್ಸು 37. ಆಕೆಗೆ 39.

ಮನೆಯವರು ಒಪ್ಪಿರಲಿಲ್ಲ. ಹುಡುಗ ವ್ಯಾಪಾರದವನು, ನಮ್ಮ ಅಂತಸ್ತಿಗೆ ಸಲ್ಲ ಎಂಬ ತಕರಾರು. ಬಿ.ಕಾಂ. ಓದಿದ ನನಗೆ ಇಲ್ಲಿ ನಗು ಬಂತು. ಆಕೆಯ ಅಜ್ಜ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ ನಡೆಸಿಯೇ ಶ್ರೀಮಂತನಾದವನು. ಪುಸ್ತಕಕ್ಕೆ ಅಚ್ಚು ಹಾಕಿಸುವವನು ಮಾತ್ರ ಅಳಿಯನಾಗಬಾರದಂತೆ!

ಬಿಯಾಟ್ರಿಕ್ಸ್ ಅಳುತ್ತ ಕೂರಲಿಲ್ಲ. ಅದೇ ವರ್ಷ ಪುಸ್ತಕದ ಹಣದ ಜೊತೆಗೆ ಬಂಧುವೊಬ್ಬರು ಬಿಟ್ಟುಹೋದ ಸ್ವಲ್ಪ ಹಣ ಸೇರಿಸಿ, ಇಂಗ್ಲೆಂಡಿನ ಸರೋವರ ಸೀಮೆಯಲ್ಲಿ ಹಿಲ್ ಟಾಪ್ ಎಂಬ ತೋಟದ ಮನೆ ಕೊಂಡಳು. ಆಮೇಲೂ ಜಮೀನು ಕೊಳ್ಳುತ್ತ ಹೋದಳು. ಆ ವ್ಯವಹಾರದಲ್ಲಿ ನೆರವಾದ ವಕೀಲ ವಿಲಿಯಂ ಹೀಲಿಸ್‌ನನ್ನು 1913ರಲ್ಲಿ, ತನ್ನ 47ನೇ ವಯಸ್ಸಿನಲ್ಲಿ ಮದುವೆಯಾದಳು. 1943ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರ ಎಕರೆಗೂ ಹೆಚ್ಚು ಭೂಮಿ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು.

ಆ ಮದುವೆ ಮೊಮ್ಮಗಳಿಗೆ ಹಿಡಿಸಲಿಲ್ಲ. "ನಾರ್ಮನ್‌ನ ಮರೆತುಬಿಟ್ಲಾ ತಾತ?" ಎಂದಳು. ಆಗ ಅವಳಿಗೆ ನನ್ನ ಸೋದರತ್ತೆಯ ವಿಷಯ ಹೇಳಿದೆ.

ಅತ್ತೆಗೆ ಮದುವೆಯಾಗಿರಲಿಲ್ಲ. ನರಸಿಂಹಸ್ವಾಮಿ ತೇರು ಮುಗಿದ ಮೇಲೂ ನಮ್ಮ ಜಗಲಿಯಲ್ಲಿ ಮಕ್ಕಳ ಜಾತ್ರೆ ಕಡಿಮೆಯಾಗುತ್ತಿರಲಿಲ್ಲ, ಹಾಗೆ ಕಥೆ ಹೇಳುತ್ತಿದ್ದಳು. ಆಕೆಗೆ ಮೂವತ್ತಾರಾದಾಗ ಹೊಸದುರ್ಗದ ಕಡೆಯಿಂದ ಹೆಂಡತಿ ತೀರಿಹೋಗಿದ್ದ ಒಬ್ಬ ಮೇಷ್ಟ್ರು ಕೇಳಿಕೊಂಡು ಬಂದರು. ನಾನಾಗ ಮಿಡ್ಲ್ ಸ್ಕೂಲು. 'ಈ ವಯಸ್ಸಲ್ಲಿ ಎಂಥ ಮದುವೆ, ಜನ ನಕ್ಕಾರು' ಎಂದು ಹಿರಿಯರು ಕಾಫಿ ಕೊಟ್ಟು ಕಳಿಸಿದರು. ಅತ್ತೆ ಒಳಗೆ ಶೇಂಗಾ ಹುರಿಯುತ್ತಿದ್ದಳು. ಸಂಜೆ ಎಂದಿನಂತೆ ಕಥೆ ಶುರುಮಾಡಿದಳು. ನಡುವೆ ನಿಲ್ಲಿಸಿ, "ಎಲ್ಲಿಗೆ ಬಿಟ್ಟಿದ್ನೋ?" ಎಂದು ನಮ್ಮನ್ನೇ ಕೇಳಿದಳು. ಆಕೆ ಕಥೆಯ ಜಾಡು ತಪ್ಪಿದ್ದನ್ನು ನಾವು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರಿಗೆ ಇಷ್ಟ ಇತ್ತಾ ಅಂತ ಯಾರೂ ಕೇಳಲೇ ಇಲ್ವಾ ತಾತ?"

"ಇಲ್ಲಮ್ಮ" ಎಂದೆ.